ಸ್ವಯಂಚಾಲಿತ ಹೆದ್ದಾರಿ: ಪಟ್ಟಣಕ್ಕೆ ಹೇಗೆ, ಹಳ್ಳಿಗೆ ಹೇಗೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನನಗಿಂತ ಮುಂಚೆ ಮಾತಾಡಿದವರು ಹಸಿರು ಮೇವು, ಕೆಚ್ಚಲು ಬಾವು, ರಾಸುಗಳ ವಿಮೆ ಮುಂತಾದ ಉಪಯೋಗದ ವಿಷಯಗಳನ್ನು ಹೇಳಿದರು. ನನ್ನ ಪಾಲಿಗೆ ಬಂದಿರುವುದು ಸ್ವಯಂಚಾಲಿತ ಹೆದ್ದಾರಿ. ಎಸ್.ಎಸ್.ಎಲ್.ಸಿ. ಓದಿದ ರೈತನಿಗೆ ಇದೆಂಥ ವಿಷಯ ಕೊಟ್ಟರಪ್ಪ ಅಂತ ಹಿಂದಿನ ಸಾಲಿನಲ್ಲಿ ನಗುತ್ತಿರುವುದು ಕಾಣ್ತಾ ಇದೆ. ತಪ್ಪು ನನ್ನದೇ. ಆಡಳಿತ ಮಂಡಳಿ ಸಭೆಯಲ್ಲಿ ಹೆದ್ದಾರಿ ಮಾತು ಬಂದಾಗಲೆಲ್ಲ ನಾನು ಬಾಯಿ ಹಾಕುತ್ತೇನೆ. ಅಧ್ಯಕ್ಷರು "ಹಂಗಾದ್ರೆ ಅದನ್ನ ನೀನೇ ಮಾತಾಡಪ್ಪ" ಅಂದುಬಿಟ್ಟರು. ವಿಷಯ ಕಲಿಸಿಕೊಟ್ಟವನು ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದುವಾಗ ಇದರ ಮೇಲೇ ಪ್ರಾಜೆಕ್ಟ್ ಬರೆದವನು. ನಾನು ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ಹೇಳುತ್ತಿದ್ದ. ಸರಿಯಾದದ್ದು ಇದ್ದರೆ ಅವನದು, ತಪ್ಪಿದ್ದರೆ ನನ್ನದು ಅಂತ ತಿಳಿದುಕೊಳ್ಳಿ.

ಸ್ವಯಂಚಾಲಿತ ಅಂದರೆ ಏನು? ಇಲ್ಲಿ ಕುಳಿತಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ನಾನು ಏಳೆಂಟು ವರ್ಷದವನಾಗಿದ್ದಾಗ ನಮ್ಮಪ್ಪನ ಜೊತೆ ಕಬ್ಬಿನ ಗಾಡಿ ಮೇಲೆ ಕಾರ್ಖಾನೆಗೆ ಹೋಗುತ್ತಿದ್ದೆ. ರಾತ್ರಿ ಊಟ ಮಾಡಿ ಹೊರಟರೆ ಊರಿನ ಹತ್ತು ಹನ್ನೆರಡು ಗಾಡಿ ಒಂದರ ಹಿಂದೆ ಒಂದು. ಗಾಡಿ ಕೆಳಗೆ ತೂಗುಹಾಕಿದ ಲಾಟೀನು. ಮೊದಲನೇ ಗಾಡಿಯವನು ಮಾತ್ರ ಎಚ್ಚರವಾಗಿರಬೇಕು. ಮಿಕ್ಕವರೆಲ್ಲ ಕಬ್ಬಿನ ಮೇಲೆ ಕಂಬಳಿ ಹೊದ್ದು ಮಲಗಿಬಿಡೋರು. ಎತ್ತುಗಳು ಮುಂದಿನ ಗಾಡಿಯ ಲಾಟೀನು ನೋಡಿಕೊಂಡು ಹೋಗುತ್ತಲೇ ಇದ್ದವು. ಮುಂದಿನದು ನಿಂತರೆ ಇವೂ ನಿಲ್ಲುತ್ತಿದ್ದವು, ಹೊರಟರೆ ಇವೂ ಹೊರಡುತ್ತಿದ್ದವು. "ಎತ್ತಿಗೆ ದಾರಿ ಗೊತ್ತು, ನೀನು ಮಲಗು" ಅನ್ನೋರು ಅಪ್ಪ.

ಅಮೆರಿಕದವರು ಎಷ್ಟೋ ಕೋಟಿ ಖರ್ಚು ಮಾಡಿ ಮಾಡಲು ಹೊರಟಿದ್ದು ಇದನ್ನೇ. ಎತ್ತಿನ ಬದಲು ಕಾರು, ಲಾಟೀನಿನ ಬದಲು ರೇಡಿಯೋ.

1939ರಲ್ಲಿ ನ್ಯೂಯಾರ್ಕಿನಲ್ಲಿ ಜಗತ್ತಿನ ವಸ್ತುಪ್ರದರ್ಶನ ನಡೆಯಿತು. ನಮ್ಮ ದಸರಾ ವಸ್ತುಪ್ರದರ್ಶನದ ಹಾಗೆ, ಆದರೆ ಹಲವು ದೇಶಗಳು ಸೇರಿದ್ದು. ಅಲ್ಲಿ ಜನರಲ್ ಮೋಟಾರ್ಸ್ ಕಂಪನಿಯವರು ನಾರ್ಮನ್ ಬೆಲ್ ಗೆಡ್ಡೆಸ್ ಎಂಬ ವಿನ್ಯಾಸಕಾರರಿಂದ, ಇನ್ನು ಇಪ್ಪತ್ತು ವರ್ಷಕ್ಕೆ ಅಂದರೆ 1960ಕ್ಕೆ ಅಮೆರಿಕ ಹೇಗಿರುತ್ತದೆ ಅಂತ ತೋರಿಸುವ ದೊಡ್ಡ ಮಾದರಿಯೊಂದನ್ನು ಮಾಡಿಸಿದ್ದರು. ಜನ ತಾನೇ ಸರಿಯುವ ಕುರ್ಚಿಗಳಲ್ಲಿ ಕುಳಿತು ಮೇಲಿನಿಂದ ನೋಡುತ್ತಾ ಹೋಗುವುದು. ಕೆಳಗೆ ಅಗಲವಾದ ಹೆದ್ದಾರಿಗಳು, ಕಾರುಗಳು ಒಂದಕ್ಕೊಂದು ಅಂತರ ತಾವೇ ಕಾಯ್ದುಕೊಂಡು ಓಡುವುದು. 1960 ಬಂತು, ಹೋಯಿತು. ನಡುವೆ ರಸ್ತೆಯಲ್ಲಿ ತಂತಿ ಹೂತು ಅದರ ಜಾಡಿನಲ್ಲಿ ಕಾರು ಓಡಿಸುವ ಪ್ರಯೋಗಗಳಾದವು. ಪ್ರಯೋಗ ಪ್ರಯೋಗವಾಗಿಯೇ ಉಳಿಯಿತು.

ಆಮೇಲೆ 1991ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯಿದೆ ಮಾಡಿತು. 1997ರೊಳಗೆ ಸ್ವಯಂಚಾಲಿತ ಹೆದ್ದಾರಿಯನ್ನು ಮಾಡಿ ತೋರಿಸಬೇಕು ಅಂತ. ಹೇಳಿದ ಮಾತಿಗೆ ತಪ್ಪದೆ 1997ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಪಟ್ಟಣದ ಪಕ್ಕ, 15ನೇ ನಂಬರಿನ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ದಾರಿಯ ಮೇಲೆ ಮಾಡಿ ತೋರಿಸಿದರು. ಮಿಕ್ಕ ವಾಹನಗಳಿಂದ ಬೇರ್ಪಡಿಸಿದ್ದ ಲೇನು ಅದು. ರಸ್ತೆಯ ಮಧ್ಯೆ ನಾಲ್ಕು ಅಡಿಗೊಂದರಂತೆ ಸಣ್ಣ ಸಣ್ಣ ಆಯಸ್ಕಾಂತ ಹೂತಿದ್ದರು. ಕಾರಿನ ಅಡಿಯಲ್ಲಿರುವ ಯಂತ್ರ ಆ ಆಯಸ್ಕಾಂತವನ್ನು ಮೂಸಿಕೊಂಡು ಹೋಗುತ್ತದೆ, ನೇಗಿಲ ಸಾಲು ಹಿಡಿದು ಎತ್ತು ಹೋದ ಹಾಗೆ. ಆಯಸ್ಕಾಂತದ ಉತ್ತರ ತುದಿ ಮೇಲೆ ಬರುವಂತೆ ಕೆಲವು, ದಕ್ಷಿಣ ತುದಿ ಮೇಲೆ ಬರುವಂತೆ ಕೆಲವು. ಆ ಲೆಕ್ಕದಿಂದಲೇ ಮುಂದೆ ತಿರುವು ಇದೆ ಅಂತ ಕಾರಿಗೆ ತಿಳಿಯುತ್ತದೆ. ಮುಂದಿನ ಕಾರು ಬ್ರೇಕ್ ಹಾಕಿದರೆ ಹಿಂದಿನದಕ್ಕೆ ರೇಡಿಯೋದಲ್ಲಿ ಆ ಕ್ಷಣವೇ ಸುದ್ದಿ. ಎಂಟು ಬ್ಯೂಯಿಕ್ ಕಾರು, ಸುಮಾರು ನೂರು ಕಿಲೋಮೀಟರ್ ವೇಗ. ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಆರೂವರೆ ಮೀಟರ್ ಜಾಗ, ಅಂದರೆ ಎತ್ತು ಹೂಡಿದ ಒಂದು ಗಾಡಿ ನಿಲ್ಲುವಷ್ಟು. ಚಾಲಕರು ಕೈ ಬಿಟ್ಟು ಕುಳಿತಿದ್ದರು. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ಮನುಷ್ಯ ಓಡಿಸಿದರೆ ಅಷ್ಟು ಹತ್ತಿರ ಹೋಗಲು ಸಾಧ್ಯವೇ ಇಲ್ಲ.

ಯಾಕೆ ಅಷ್ಟು ಹತ್ತಿರ? ಇಲ್ಲೇ ಪಟ್ಟಣದ ಕಥೆ ಇರುವುದು. ಪಟ್ಟಣದ ಕಷ್ಟ ಏನೆಂದರೆ ಜಾಗ ಇಲ್ಲ. ಎರಡೂ ಕಡೆ ಮನೆ ಎದ್ದು ನಿಂತ ಮೇಲೆ ರಸ್ತೆ ಅಗಲ ಮಾಡೋದು ಎಲ್ಲಿ? ಒಂದು ಲೇನಿನಲ್ಲಿ ಗಂಟೆಗೆ ಹೆಚ್ಚೆಂದರೆ ಎರಡು ಸಾವಿರ ವಾಹನ ಹೋಗಬಹುದು. ಹೀಗೆ ಸರಪಣಿ ಮಾಡಿ ಓಡಿಸಿದರೆ ಅದೇ ಲೇನಿನಲ್ಲಿ ಅದರ ಎರಡರಷ್ಟು, ಮೂರರಷ್ಟು ಹೋಗಬಹುದು ಅಂತ ಕ್ಯಾಲಿಫೋರ್ನಿಯಾದ ಸಂಶೋಧಕರು ಲೆಕ್ಕ ಹಾಕಿದ್ದರು. ಹೊಸ ರಸ್ತೆ ಕಟ್ಟದೆ ಇದ್ದ ರಸ್ತೆಯನ್ನೇ ಎರಡು ಮೂರು ಮಾಡಿಕೊಂಡ ಹಾಗೆ. ಬೆಂಗಳೂರಿನಲ್ಲೂ ಈಗ ಹಲವು ಸಿಗ್ನಲ್‌ಗಳು ವಾಹನದ ಸಾಲು ಎಷ್ಟುದ್ದ ಇದೆ ಅಂತ ನೋಡಿ ತಾವೇ ಹೊತ್ತು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತವೆ. ಅದೂ ಇದೇ ಜಾತಿಯ ಯೋಚನೆ. ಇದ್ದ ಜಾಗದಲ್ಲಿ ಹೆಚ್ಚು ಗಾಡಿ ತುರುಕುವುದು.

ಸ್ಯಾನ್ ಡಿಯಾಗೊದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಆದರೂ ಮುಂದಕ್ಕೆ ಹೋಗಲಿಲ್ಲ. ಸ್ವಲ್ಪ ದಿನದಲ್ಲೇ ಸರ್ಕಾರ ಕೈ ತೆಗೆಯಿತು. ಕಾರಣ ನಮಗೂ ಅರ್ಥವಾಗುವಂಥದೇ. ಆಯಸ್ಕಾಂತದ ಕಾರು ಎಲ್ಲರ ಹತ್ತಿರ ಇರುವವರೆಗೆ ಆ ಲೇನು ಖಾಲಿ ಬಿದ್ದಿರಬೇಕು. ಲೇನು ಇಲ್ಲದಿದ್ದರೆ ಆ ಕಾರನ್ನು ಯಾರೂ ಕೊಳ್ಳುವುದಿಲ್ಲ. ನೂರು ಕಾರಿನ ಮಧ್ಯೆ ಒಬ್ಬ ಹಳೇ ಕಾರಿನವನು ನುಗ್ಗಿದರೆ ಸರಪಣಿ ಕಡಿಯಿತು. ಅಪಘಾತವಾದರೆ ಹೊಣೆ ಕಾರಿನವರದೋ ರಸ್ತೆಯವರದೋ ಎಂಬ ಜಗಳ ಬೇರೆ.

ಇನ್ನೊಂದು ಮಾತು ನನ್ನ ಅಕ್ಕನ ಮಗ ಹೇಳಲಿಲ್ಲ, ನಾನೇ ಕೊಟ್ಟಿಗೆಯಲ್ಲಿ ಕುಳಿತು ಯೋಚಿಸಿದ್ದು. ಆ ರಸ್ತೆ ಕೆಲಸ ಮಾಡಬೇಕಾದರೆ ಅದರ ಮೇಲೆ ಬೇರೆ ಏನೂ ಇರಬಾರದು. ಸೈಕಲ್ಲು ಇರಬಾರದು, ಹಸು ಇರಬಾರದು, ಸೊಪ್ಪಿನ ಹೊರೆ ಹೊತ್ತ ಹೆಂಗಸು ಇರಬಾರದು. ನಮ್ಮಪ್ಪನ ಎತ್ತು ಕತ್ತಲಲ್ಲೂ ದಾರಿಯಲ್ಲಿ ಮಗು ಮಲಗಿದ್ದರೆ ನಿಂತುಬಿಡುತ್ತಿತ್ತು. ಆಯಸ್ಕಾಂತ ದಾರಿ ತೋರಿಸುತ್ತದೆಯೇ ಹೊರತು ದಾರಿಯಲ್ಲಿ ಯಾರಿದ್ದಾರೆ ಅಂತ ಹೇಳುವುದಿಲ್ಲ. ಅದನ್ನು ನೋಡುವುದಕ್ಕೆ ಬೇರೆ ಕಣ್ಣು ಬೇಕು.

ಈಗ ಹಳ್ಳಿಗೆ ಬರೋಣ. ಗಂಟೆಗೆ ನೂರು ಗಾಡಿ ಓಡುವ ಹಳ್ಳಿ ದಾರಿಗೆ ಆರು ಸಾವಿರ ಓಡಿಸುವ ಯೋಗ್ಯತೆ ಕೊಟ್ಟು ಏನು ಪ್ರಯೋಜನ? ಹೊಳೆ ನೀರೆಲ್ಲ ಹಿಡಿಯುವ ತೂಬನ್ನು ಅರ್ಧ ಎಕರೆ ಗದ್ದೆಗೆ ಇಟ್ಟ ಹಾಗೆ. ಹಳ್ಳಿ ರಸ್ತೆಯ ಕಷ್ಟ ಜಾಗದ್ದಲ್ಲ, ಜೀವದ್ದು. ಅಮೆರಿಕದಲ್ಲಿ ಹಳ್ಳಿಗಾಡಿನಲ್ಲಿ ಇರುವವರು ನೂರಕ್ಕೆ ಇಪ್ಪತ್ತು ಜನ. ಆದರೆ ರಸ್ತೆ ಅಪಘಾತದಲ್ಲಿ ಸಾಯುವವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಸಾಯುವುದು ಹಳ್ಳಿಗಾಡಿನ ರಸ್ತೆಯಲ್ಲಿ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಹಳ್ಳಿ ಭಾಗದಲ್ಲಿ. ಅಲ್ಲಿ ಗಾಡಿಗಳ ಗುಂಪೇ ಇರುವುದಿಲ್ಲ. ಒಬ್ಬನೇ ಹೋಗುತ್ತಿರುತ್ತಾನೆ, ತೂಕಡಿಸುತ್ತಾನೆ, ಮರಕ್ಕೆ ಗುದ್ದುತ್ತಾನೆ, ನೋಡುವವರಿಲ್ಲ. ಅಥವಾ ಅಡ್ಡರಸ್ತೆಯಿಂದ ಬಂದವನನ್ನು ದೊಡ್ಡ ರಸ್ತೆಯವನು ಕಾಣುವುದಿಲ್ಲ. ಆಸ್ಪತ್ರೆ ಮೂವತ್ತು ಮೈಲಿ.

ಹಾಗಾದರೆ ಹಳ್ಳಿಗೆ ಯಂತ್ರವೇ ಬೇಡವೇ? ಬೇಕು. ಆದರೆ ಬೇರೆ ಯಂತ್ರ. ಎರಡು ಉದಾಹರಣೆ ಕೊಡುತ್ತೇನೆ.

ಅದೇ ಕ್ಯಾಲಿಫೋರ್ನಿಯಾದಲ್ಲಿ ಡಾನರ್ ಎಂಬ ಬೆಟ್ಟದ ದಾರಿ ಇದೆ. ಚಳಿಗಾಲದಲ್ಲಿ ಆಳೆತ್ತರಕ್ಕೂ ಮೀರಿ ಹಿಮ ಬೀಳುತ್ತದೆ. ಹಿಮ ತಳ್ಳುವ ದೊಡ್ಡ ಲಾರಿಯವನಿಗೆ ಮುಂದೆ ಬಿಳಿ ಬಿಟ್ಟರೆ ಏನೂ ಕಾಣುವುದಿಲ್ಲ. ರಸ್ತೆ ಎಲ್ಲಿ, ಕಂದಕ ಎಲ್ಲಿ ಗೊತ್ತಾಗುವುದಿಲ್ಲ. ಪಟ್ಟಣದಲ್ಲಿ ಕೈಬಿಟ್ಟ ಆಯಸ್ಕಾಂತವನ್ನೇ ಇಲ್ಲಿ ಹೂತು, ಲಾರಿಯವನ ಮುಂದೆ ಒಂದು ಸಣ್ಣ ಪರದೆ ಇಟ್ಟು, ನೀನು ರಸ್ತೆಯ ಮಧ್ಯಕ್ಕೆ ಇಷ್ಟು ಎಡಕ್ಕೆ ಇದ್ದೀಯ, ಇಷ್ಟು ಬಲಕ್ಕೆ ಇದ್ದೀಯ ಅಂತ ತೋರಿಸುವ ಹಾಗೆ ಪ್ರಯೋಗ ಮಾಡಿದರು. ಸ್ಟೀರಿಂಗ್ ಅವನ ಕೈಯಲ್ಲೇ. ಅವನ ಕೆಲಸ ಕಸಿಯಲಿಲ್ಲ, ಅವನ ಕಣ್ಣಿಗೆ ಊರುಗೋಲು ಕೊಟ್ಟರು.

ಎರಡನೆಯದು ಮಿನ್ನೆಸೋಟ ಎಂಬ ರಾಜ್ಯದ್ದು. ಹೊಲ ಗದ್ದೆ, ಹೈನುಗಾರಿಕೆ ಇರುವ ಸೀಮೆ. ಅಲ್ಲಿ ಹಳ್ಳಿಯ ರಸ್ತೆ ಹೆದ್ದಾರಿಗೆ ಸೇರುವ ಕಡೆ ಒಂದು ಫಲಕ ನಿಲ್ಲಿಸಿದ್ದಾರೆ. ಹೆದ್ದಾರಿಯಲ್ಲಿ ಗಾಡಿ ಬರುತ್ತಿದ್ದರೆ ಹಳ್ಳಿ ರಸ್ತೆಯವನ ಎದುರಿನ ದೀಪ ಮಿನುಗುತ್ತದೆ. ಹಳ್ಳಿ ರಸ್ತೆಯಲ್ಲಿ ಯಾರಾದರೂ ಬಂದು ನಿಂತರೆ ಹೆದ್ದಾರಿಯವನ ಎದುರಿನ ದೀಪ ಮಿನುಗುತ್ತದೆ. ಇಷ್ಟೇ. ಇದರಲ್ಲಿ ಕಾರು ತಾನೇ ಓಡುವುದಿಲ್ಲ, ಯಾರೂ ಕೈ ಬಿಟ್ಟು ಕೂರುವುದಿಲ್ಲ. ನನಗೆ ಸ್ಯಾನ್ ಡಿಯಾಗೊಗಿಂತ ಇದೇ ಹಿಡಿಸಿತು.

ರಸ್ತೆಯಲ್ಲಿ ಏನೂ ಹೂಳದೆ ಕಾರಿಗೇ ಕಣ್ಣು ಕೊಡುವ ದಾರಿಯೂ ಇದೆ. 1995ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಒಂದು ವ್ಯಾನಿಗೆ ಕ್ಯಾಮೆರಾ ಕಟ್ಟಿ ಪಿಟ್ಸ್‌ಬರ್ಗಿನಿಂದ ಸ್ಯಾನ್ ಡಿಯಾಗೊವರೆಗೆ 2,800 ಮೈಲಿಗೂ ಹೆಚ್ಚು ದೂರ ಹೋದರು. ನೂರಕ್ಕೆ 98 ಪಾಲು ದಾರಿ ಸ್ಟೀರಿಂಗ್ ತಿರುಗಿಸಿದ್ದು ಯಂತ್ರ. ಬ್ರೇಕು ಮಾತ್ರ ಮನುಷ್ಯನ ಕಾಲಲ್ಲೇ ಇತ್ತು. ಇವತ್ತು ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ ಪಟ್ಟಣಗಳಲ್ಲಿ ಚಾಲಕನಿಲ್ಲದ ಬಾಡಿಗೆ ಕಾರು ಜನರನ್ನು ಕೂರಿಸಿಕೊಂಡು ಓಡಾಡುತ್ತಿವೆ. ಗಮನಿಸಿ, ಅದೂ ಪಟ್ಟಣದಲ್ಲೇ. ಬೀದಿ ಬೀದಿಯ ನಕ್ಷೆ ಮೊದಲೇ ತೆಗೆದಿಟ್ಟಿರುತ್ತಾರೆ, ಗಿರಾಕಿ ಸಿಗುತ್ತಾರೆ. ನಮ್ಮ ತೋಪಿನ ದಾರಿಗೆ ಬಿಳಿ ಗೆರೆಯೇ ಇಲ್ಲ, ಆ ಕಾರು ಏನು ನೋಡಿಕೊಂಡು ಬರಬೇಕು?

ಇಷ್ಟೆಲ್ಲ ಅಮೆರಿಕದ ಮಾತು ಯಾಕೆ ಅಂದರೆ ನಮ್ಮ ಹೊಲದ ಮಧ್ಯೆಯೇ ಹೆದ್ದಾರಿ ಹಾದುಹೋಗಿದೆ. 119 ಕಿಲೋಮೀಟರಿನ ಬೆಂಗಳೂರು ಮೈಸೂರು ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ನಮ್ಮ ಮಂಡ್ಯ ಜಿಲ್ಲೆಯಲ್ಲೇ ಪ್ರಧಾನಿಗಳು ಉದ್ಘಾಟಿಸಿದರು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ನಮ್ಮ ಹಾಲಿಗೂ ಅದರಿಂದ ಅನುಕೂಲವೇ ಆಗಿದೆ, ಇಲ್ಲ ಅನ್ನಬಾರದು. ಮದ್ದೂರಿನ ವಡೆ ಅಂಗಡಿಯವರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ, ಅದು ಬಿಡಿ.

ಇದು ತಾನೇ ಕಾರು ಓಡಿಸುವ ಹೆದ್ದಾರಿಯಲ್ಲ. ಆದರೆ ಆ ದಾರಿಯಲ್ಲೇ ಒಂದೊಂದು ಹೆಜ್ಜೆ ಇಡುತ್ತಿದೆ. ಸುಂಕ ಕಟ್ಟುವುದು ಯಂತ್ರ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ವೇಗ ನೋಡುವುದು ಯಂತ್ರ, ನಂಬರು ಓದುವುದು ಯಂತ್ರ, ದಂಡ ಬರೆಯುವುದು ಯಂತ್ರ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ ಮೇಲಿನ ರಸ್ತೆಗೆ ಬರುವ ಹಾಗಿಲ್ಲ. ಸ್ಯಾನ್ ಡಿಯಾಗೊದಲ್ಲಿ ಬೇರೆ ಗಾಡಿಗಳನ್ನು ಹೊರಗಿಟ್ಟ ಹಾಗೆ ನಮ್ಮನ್ನೂ ಹೊರಗಿಟ್ಟರು. ನೂರು ಕಿಲೋಮೀಟರ್ ವೇಗದ ಕಾರಿನ ಮುಂದೆ ಎತ್ತಿನ ಗಾಡಿ ಇರಬಾರದು ಅನ್ನುವುದು ನನಗೂ ಒಪ್ಪಿಗೆ. ವೇಗದ ಕ್ಯಾಮೆರಾ ಬಂದ ಮೇಲೆ ಸಾವು ಕಡಿಮೆಯಾಯಿತು ಅಂತ ಪೊಲೀಸಿನವರು ಹೇಳಿದ್ದಾರೆ. ಒಳ್ಳೇದೇ ಆಯ್ತು. ರಸ್ತೆ ಆದ ಹೊಸದರಲ್ಲಿ ನಾವು ನೋಡಿದ್ದು ಸಣ್ಣ ಸಾವುಗಳಲ್ಲ.

ಅದರಲ್ಲಿ ಒಂದು ನಮ್ಮ ಸಂಘದ್ದೇ. ಹೆಸರು ಹೇಳುವುದಿಲ್ಲ, ಮನೆಯವರು ಇಲ್ಲಿ ಕುಳಿತಿದ್ದಾರೆ. 2023ರ ಬೇಸಿಗೆ ಮಳೆಯ ಕಾಲ. ಬೆಳಗಿನ ಹಾಲು ಹಾಕಿ, ಕ್ಯಾನು ತೊಳೆದು, ಆಚೆ ಕಡೆಯ ಹೊಲಕ್ಕೆ ಹುಲ್ಲು ಕುಯ್ಯಲು ಹೊರಟವರು. ಅಂಡರ್‌ಪಾಸಿನಲ್ಲಿ ಹಿಂದಿನ ರಾತ್ರಿಯ ಮಳೆ ನೀರು ಸೊಂಟದವರೆಗೆ ನಿಂತಿತ್ತು. ಮೇಲೆ ಆಗ ಬೇಲಿ ಪೂರ್ತಿ ಆಗಿರಲಿಲ್ಲ. ನಲವತ್ತು ವರ್ಷದಿಂದ ದಾಟುತ್ತಿದ್ದ ಜಾಗದಲ್ಲೇ ದಾಟಿದರು. ಅರ್ಧ ದಾಟಿದ್ದರು. ಹಾಲಿನ ಪುಸ್ತಕದಲ್ಲಿ ಅವತ್ತಿನ ಬೆಳಗಿನ ಲೀಟರು ಬರೆದದ್ದು ಹಾಗೇ ಇದೆ, ಸಂಜೆ ಕಲಂ ಖಾಲಿ. ಅವತ್ತು ನಮ್ಮ ಕಡೆ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ ಕಾರಿನ ವೇಗ ಎಷ್ಟು, ನಂಬರು ಯಾವುದು ಅಂತ ಸರಿಯಾಗಿ ಬರೆದುಕೊಳ್ಳುತ್ತಿತ್ತು. ಒಬ್ಬ ಹೆಂಗಸು ರಸ್ತೆ ಅಂಚಿನಲ್ಲಿ ನಿಂತಿದ್ದಾಳೆ ಅಂತ ಕಾರಿನವನಿಗೆ ಹೇಳುವ ಕೆಲಸ ಅದಕ್ಕೆ ಕೊಟ್ಟಿಲ್ಲ.

ನನ್ನದೂ ಒಂದು ಕಥೆ ಇದೆ, ಇದು ಸ್ವಲ್ಪ ನಗುವಂಥದ್ದು. ಹೋದ ವರ್ಷದ ಹಿಂದಿನ ವರ್ಷ ನಮ್ಮ ಸೀಮೆ ಹಸು ರಾತ್ರಿ ಹನ್ನೊಂದಕ್ಕೆ ನೋವು ತಿನ್ನಲು ಶುರುಮಾಡಿತು. ಕರು ಅಡ್ಡ ಸಿಕ್ಕಿಕೊಂಡಿತ್ತು. ಡಾಕ್ಟರು ಇದ್ದದ್ದು ಪಕ್ಕದ ಊರಿನಲ್ಲಿ. ಮಧ್ಯೆ ಒಂದು ಕಡೆ ಸರ್ವಿಸ್ ರಸ್ತೆ ಕಡಿದುಹೋಗುತ್ತದೆ. ಸುತ್ತಿ ಬರಬೇಕಾದರೆ ಒಂಬತ್ತು ಕಿಲೋಮೀಟರ್. ನಾನು ಬೈಕು ಮೇಲಿನ ರಸ್ತೆಗೆ ಹತ್ತಿಸಿ ಅವರನ್ನು ಹಿಂದೆ ಕೂರಿಸಿಕೊಂಡು ಬಂದುಬಿಟ್ಟೆ. ಕರು ಉಳಿಯಿತು, ಹಸುವೂ ಉಳಿಯಿತು. ಆಮೇಲೆ ಮೊಬೈಲಿಗೆ ಐನೂರು ರೂಪಾಯಿ ದಂಡದ ನೋಟಿಸು ಬಂತು. ತಪ್ಪು ನನ್ನದೇ, ಕಟ್ಟಿದೆ. ಆದರೆ ಯಾಕೆ ಹತ್ತಿದೆ ಅಂತ ಹೇಳೋಣ ಅಂದರೆ ಕೇಳುವವರು ಯಾರು? ನೋಟಿಸಿನಲ್ಲಿ ಫೋಟೋ ಇತ್ತು, ಸಮಯ ಇತ್ತು, ಮಾತಾಡುವ ಮನುಷ್ಯ ಇರಲಿಲ್ಲ. ನಮ್ಮ ಮನೆಯವಳು ಆ ಕರುವಿಗೆ "ಐನೂರು" ಅಂತಲೇ ಹೆಸರಿಟ್ಟಿದ್ದಾಳೆ. ಈಗ ಅದು ಕಡಸು.

ಯಂತ್ರವನ್ನು ಕಂಡರೆ ನಮಗೆ ಆಗುವುದಿಲ್ಲ ಅಂತ ಯಾರೂ ತಿಳಿಯಬೇಡಿ. ಈ ಸಂಘಕ್ಕೆ ಹಾಲು ಪರೀಕ್ಷೆಯ ಯಂತ್ರ ಬಂದ ದಿನ ನೆನಪಿದೆಯೇ? "ಇಷ್ಟು ದಿನ ನನ್ನ ಹಸು ನಾಲ್ಕು ಫ್ಯಾಟ್ ಕೊಡ್ತಿತ್ತು, ನಿನ್ ಯಂತ್ರ ಬಂದು ಮೂರೂವರೆ ಮಾಡ್ತಲ್ಲಪ್ಪ" ಅಂತ ಒಬ್ಬ ಹಿರಿಯರು ಕ್ಯಾನು ಬಿಸಾಕಿ ಹೋಗಿದ್ದರು. ಕಾರ್ಯದರ್ಶಿಗಳು ಏನು ಮಾಡಿದರು? ಅವರ ಮನೆಗೆ ಹೋಗಿ ಕರೆದುಕೊಂಡು ಬಂದು, ಅದೇ ಹಾಲನ್ನು ಅವರ ಕಣ್ಣ ಮುಂದೆ ಎರಡು ಸಲ ಪರೀಕ್ಷೆ ಮಾಡಿ ತೋರಿಸಿದರು. ಅವತ್ತಿನಿಂದ ಯಾರಿಗೆ ಅನುಮಾನ ಬಂದರೂ ಎರಡನೇ ಸಲ ನೋಡಬೇಕು ಅಂತ ಮಹಾಸಭೆಯಲ್ಲಿ ನಿರ್ಣಯವಾಯಿತು. ಯಂತ್ರ ಇವತ್ತಿಗೂ ಇದೆ, ಜಗಳ ನಿಂತಿದೆ. ಆ ಹಿರಿಯರ ಮೊಮ್ಮಗ ಅದೇ ಯಂತ್ರದ ಮುಂದೆ ಈಗ ಚೀಟಿ ಕೊಡುವ ಕೆಲಸ ಮಾಡುತ್ತಿದ್ದಾನೆ. ಆ ಯಂತ್ರವನ್ನು ನಾವು ಸಭೆಗೆ ಕರೆಸಿ ಪ್ರಶ್ನೆ ಕೇಳಬಹುದು. ಹೆದ್ದಾರಿಯ ಯಂತ್ರವನ್ನು ಕೇಳಲು ನಮಗೆ ಸಭೆ ಇಲ್ಲ. ವ್ಯತ್ಯಾಸ ಅಷ್ಟೇ.

ಪಟ್ಟಣದಿಂದ ಪಟ್ಟಣಕ್ಕೆ ಹೋಗುವವನಿಗೆ ಬೇಕಾದ ಯಂತ್ರಗಳೆಲ್ಲ ನಮ್ಮ ಹೊಲದ ಮಧ್ಯೆ ಬಂದು ನಿಂತಿವೆ. ಹೊಲದಿಂದ ಹೊಲಕ್ಕೆ ಹೋಗುವವನಿಗೆ ಬೇಕಾದದ್ದು ಒಂದೂ ಬಂದಿಲ್ಲ. ಅದಕ್ಕೆ ಆಡಳಿತ ಮಂಡಳಿಯಲ್ಲಿ ಮಾತಾಡಿ ಒಂದು ಅರ್ಜಿ ಬರೆದಿದ್ದೇವೆ. ರಸ್ತೆ ತೆಗೆಯಿರಿ ಅಂತಲ್ಲ, ಕ್ಯಾಮೆರಾ ಬೇಡ ಅಂತಲೂ ಅಲ್ಲ. ಅಂಡರ್‌ಪಾಸಿಗೆ ನೀರು ಏರಿದ ಕೂಡಲೇ ತಾನೇ ಚಾಲೂ ಆಗುವ ಪಂಪು ಬೇಕು. ನಮ್ಮ ತೋಟದ ಬಾವಿಗಳಿಗೆ ನಾವೇ ಹಾಕಿಸಿಕೊಂಡಿರುವಂಥ ಸ್ಟಾರ್ಟರು ಸಾಕು, ದೊಡ್ಡ ವಿದ್ಯೆ ಏನಲ್ಲ. ಒಳಗೆ ದೀಪ ಬೇಕು, ಸಂಜೆ ಹಾಲು ತರುವ ಹೆಣ್ಣುಮಕ್ಕಳು ಅದೇ ಕತ್ತಲಲ್ಲಿ ಬರುತ್ತಿದ್ದಾರೆ. ಊರ ರಸ್ತೆ ಸರ್ವಿಸ್ ರಸ್ತೆಗೆ ಸೇರುವ ಕಡೆ, ಎರಡೂ ದಿಕ್ಕಿನಿಂದ ಬಸ್ಸು ನುಗ್ಗಿ ಬರುವ ಜಾಗದಲ್ಲಿ, ಮಿನ್ನೆಸೋಟದ ಆ ಮಿನುಗು ದೀಪದ ಫಲಕದಂಥದ್ದು ಬೇಕು. ಶಾಲೆ ಹತ್ತಿರ ನಡೆದು ದಾಟಲು ಮೇಲ್ಸೇತುವೆ ಬೇಕು. ರಾತ್ರಿ ಹೊತ್ತು ಪಶು ಚಿಕಿತ್ಸೆಗೆ ಅಂತ ಒಂದು ಫೋನ್ ನಂಬರು, ಕೇಳುವ ಮನುಷ್ಯನಿರುವ ನಂಬರು, ಬೇಕು ಅಂತ ನಾನು ಸೇರಿಸಿದೆ. ಅಧ್ಯಕ್ಷರು ನಕ್ಕರು, ಆದರೆ ಹೊಡೆದುಹಾಕಲಿಲ್ಲ.

ಇದೇ ಅರ್ಥದ ಅರ್ಜಿ ಹಿಂದೆ ಎರಡು ಸಲ ಕೊಟ್ಟಿದ್ದೇವೆ. ಒಂದಕ್ಕೆ ಮುದ್ರೆ ಬಿದ್ದ ಸ್ವೀಕೃತಿ ಬಂತು, ಇನ್ನೊಂದಕ್ಕೆ ಅದೂ ಇಲ್ಲ. ಈ ಸಲ ಸಂಘದ ಹೆಸರಲ್ಲಿ, ಎಲ್ಲ ಸದಸ್ಯರ ಸಹಿಯೊಂದಿಗೆ ಕೊಡೋಣ ಅಂತ ತೀರ್ಮಾನ. ಅರ್ಜಿ ಕಾರ್ಯದರ್ಶಿಗಳ ಮೇಜಿನ ಮೇಲೆ, ಹಾಲಿನ ಚೀಟಿ ಯಂತ್ರದ ಪಕ್ಕದಲ್ಲಿದೆ. ಮೊದಲನೇ ಸಹಿ ಆ ತಾಯಿಯ ಮಗನದು, ನಿನ್ನೆ ಸಂಜೆ ಹಾಕಿದ್ದಾನೆ. ಊಟಕ್ಕೆ ಕೂರುವ ಮುಂಚೆ ನೀವೂ ಹಾಕಿ. ಸಹಿ ಬಾರದವರಿಗೆ ಇಂಕಿನ ಪ್ಯಾಡು ಇಟ್ಟಿದ್ದೇವೆ.